ಕಿವಿಯುಳ್ಳ ನೆಲ

ನೆಲಕ್ಕೆ ಕಿವಿ ಬಂದರೆ ಅದು ಮೊದಲು ಏನನ್ನು ಕೇಳಿಸಿಕೊಂಡೀತು? ಬಿಡಾರಕ್ಕೆ ಹೋಗುವ ದಾರಿಯಲ್ಲಿ ಶರ್ವಾಣಿಯನ್ನು ನಾನು ಹೀಗೆ ಕೇಳಿದೆ. ಶರ್ವಾಣಿ ನನ್ನ ನಾದಿನಿ ಚೂಡಾಮಣಿಯ ಮಗಳು. ನೆಲಕ್ಕೆ ಕಿವಿ ಕೊಡಿಸಿದವರಲ್ಲಿ ಅವಳೂ ಒಬ್ಬಳು.

"ನೀರು, ಅತ್ತೆ. ಮೊದಲು ಕೇಳೋದು ನೀರಿನ ಸದ್ದು. ಆಮೇಲೆ ನಮ್ಮಂಥೋರ ಕಾಲು," ಎಂದಳು.

ನಾರ್ವೆ ದೇಶದ ಉತ್ತರದ ತುದಿಯಲ್ಲಿ ಮರವೆಂಬುದೇ ಇಲ್ಲದ ಬಯಲು ಅದು. ಮೊಣಕಾಲೆತ್ತರದ ಪೊದೆ, ಪಾಚಿ, ಅಲ್ಲಲ್ಲಿ ಕೆರೆ. ಇದಕ್ಕೆ ಟಂಡ್ರಾ ಎನ್ನುತ್ತಾರೆ. ಮೇಲಿನ ಒಂದು ಮೊಳ ಮಣ್ಣು ಬೇಸಗೆಯಲ್ಲಿ ಮೆತ್ತಗಾಗುತ್ತದೆ. ಅದರ ಕೆಳಗಿನದು ಸಾವಿರಾರು ವರ್ಷಗಳಿಂದ ಕಲ್ಲಿನಂತೆ ಹೆಪ್ಪುಗಟ್ಟಿದ ನೆಲ. ಈಚಿನ ವರ್ಷಗಳ ಸೆಕೆಗೆ ಆ ಹೆಪ್ಪು ಒಳಗೊಳಗೇ ಕರಗತೊಡಗಿತು. ನೋಡಲು ಗಟ್ಟಿಯಾಗಿ ಕಾಣುವ ಜಾಗ ಒಳಗೆ ಟೊಳ್ಳಾಗಿರುತ್ತಿತ್ತು. ಡೇರೆ ಹಾಕಿ ಮಲಗಿದವರು ಡೇರೆಯ ಸಮೇತ ಕುಸಿದುಹೋದ ಪ್ರಸಂಗಗಳು ನಡೆದು, ಅಲ್ಲಿದ್ದ ಪ್ರವಾಸಿಗಳ ಬಿಡಾರವನ್ನು ಮುಚ್ಚಿಬಿಟ್ಟಿದ್ದರು.

ಆಗ ಶರ್ವಾಣಿ ಮತ್ತು ಅವಳ ಜೊತೆಯವರು ಕೂದಲಷ್ಟು ತೆಳ್ಳಗಿನ ಗಾಜಿನ ಎಳೆಯನ್ನು ಬಯಲಿನ ಉದ್ದಗಲಕ್ಕೂ ಹೂಳಿದರು. ಎಳೆಯೊಳಗೆ ಬೆಳಕನ್ನು ಬಿಡುತ್ತಾರೆ. ನೆಲ ಎಲ್ಲಿ ತುಸು ನಡುಗಿದರೂ ಅಲ್ಲಿ ಬೆಳಕು ಕದಡಿ ಹಿಂದಿರುಗುತ್ತದೆ. ಬಿಡಾರದ ಅಂಚಿನ ಮರದ ಮನೆಯಲ್ಲಿರುವ ಯಂತ್ರ ಆ ಕದಡಿದ ಬೆಳಕನ್ನು ಓದಿ, ಇದು ಒಳಗೆ ಹರಿಯುವ ನೀರು, ಇದು ಬಿರಿದ ಹೆಪ್ಪು, ಇದು ಹಿಮಸಾರಂಗದ ಗೊರಸು, ಇದು ಮನುಷ್ಯನ ಹೆಜ್ಜೆ ಎಂದು ಹೇಳುತ್ತದೆ. ನೆಲ ಕುಸಿಯುವ ಮೊದಲೇ ಎಚ್ಚರಿಸುತ್ತದೆ. ಅದಕ್ಕೆ ಶರ್ವಾಣಿ ಇಟ್ಟ ಹೆಸರು ನೆಲಗಿವಿ. ಅದು ಬಂದ ಮೇಲೆ ಬಿಡಾರ ಮತ್ತೆ ತೆರೆಯಿತು.

ನನ್ನ ಯಜಮಾನರು ಉಮಾಪತಿಯವರು ನಂಜನಗೂಡಿನ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದವರು. ಟಂಡ್ರಾದ ಪಾಠ ಬಂದಾಗ ಹಲಗೆಯ ಮೇಲೆ ಒಂದೇ ಒಂದು ಅಡ್ಡಗೆರೆ ಎಳೆದು, "ಇಷ್ಟೇ, ಬೇರೇನೂ ಇಲ್ಲ. ಒಂದು ದಿನ ಹೋಗಿ ನೋಡಬೇಕು," ಎನ್ನುತ್ತಿದ್ದರಂತೆ. ನೋಡದೆಯೇ, ಕಳೆದ ಸಂಕ್ರಾಂತಿಯ ಮರುವಾರ ತೀರಿಕೊಂಡರು. ಆಮೇಲೆ ನನಗೆ ಪೂಜೆಯ ಹೊರತು ಬೇರೆ ಯಾವುದರಲ್ಲೂ ಮನಸ್ಸಿಲ್ಲದಂತಾಯಿತು. ಅನ್ನವನ್ನು ಕಲಸುತ್ತಿದ್ದೆ, ಉಣ್ಣುತ್ತಿರಲಿಲ್ಲ. ಜನ ಮಾತಾಡಿಸಿದರೆ ಹೂಂ ಎನ್ನುತ್ತಿದ್ದೆ. ಚೂಡಾಮಣಿಗೂ ಅಣ್ಣನೆಂದರೆ ಪ್ರಾಣ. ಅವಳು ತನ್ನ ದುಃಖವನ್ನು ಎಲ್ಲಿಟ್ಟಳೋ, ನನ್ನನ್ನು ಬಿಡದೆ ಹೊರಡಿಸಿಕೊಂಡು ಬಂದಳು.

"ಅಣ್ಣ ನೋಡ್ಬೇಕು ಅಂತಿದ್ದ ಜಾಗ ಅತ್ತಿಗೆ. ಅವನ ಬದಲು ನೀವು ನೋಡಿ. ದೇವರ ಮನೇಲಿ ಕೂತು ಕಣ್ಣು ಮುಚ್ಚೋದು ಇದ್ದೇ ಇದೆ. ನಾಲ್ಕು ದಿನ ಕಣ್ಣು ತೆಗೀರಿ," ಎಂದಿದ್ದಳು.

ಬಿಡಾರದಲ್ಲಿ ಬಂದವರಿಗೆಲ್ಲ ದಪ್ಪ ಬೂಟು ಕೊಡುತ್ತಾರೆ. ಅದರ ಹಿಮ್ಮಡಿಯೊಳಗೆ ಅಂಗಿಯ ಗುಂಡಿಯಂಥ ಒಂದು ಸಣ್ಣ ಸಾಧನ. ಬೂಟು ಎಲ್ಲಿದೆಯೋ ಅಲ್ಲೊಂದು ಚುಕ್ಕೆ ಯಂತ್ರದ ತೆರೆಯ ಮೇಲೆ ಕಾಣುತ್ತದೆ. ಬಿಡಾರದ ಎಲ್ಲೆಗೆ ನೆಟ್ಟ ಕಿತ್ತಳೆ ಬಾವುಟಗಳ ಸಾಲನ್ನು ಬೂಟು ದಾಟಿದರೆ ಯಂತ್ರ ಕೂಗಿಕೊಳ್ಳುತ್ತದೆ. ಕೋಟು ಬಿಚ್ಚಿಡುವವರುಂಟು, ಟೋಪಿ ಮರೆಯುವವರುಂಟು, ಆದರೆ ಈ ಚಳಿಯ ಜವುಗಿನಲ್ಲಿ ಬೂಟಿಲ್ಲದೆ ಯಾರೂ ಹೊರಗೆ ಕಾಲಿಡಲಾರರು ಎಂದು ಯೋಚಿಸಿ ಗುಂಡಿಯನ್ನು ಅಲ್ಲಿಟ್ಟಿದ್ದರು.

ಅಲ್ಲಿ ಆಷಾಢದಲ್ಲಿ ಸೂರ್ಯ ಮುಳುಗುವುದಿಲ್ಲ. ಸಂಜೆಯ ದೀಪ ಹಚ್ಚುವುದು ಯಾವಾಗ ಎಂದು ನನಗೆ ಚಿಂತೆಯಾದರೆ ಚೂಡಾಮಣಿಗೆ ಬೇರೆಯದೇ ಹೊಳೆಯಿತು.

"ಎಂಥಾ ಬಿಸಿಲು ವೇಸ್ಟಾಗ್ತಿದೆ ನೋಡಿ ಅತ್ತಿಗೆ! ನಮ್ಮೂರಲ್ಲಿ ಮೋಡ ನೋಡ್ಕೊಂಡು ಸಂಡಿಗೆ ಇಡ್ತೀವಿ. ಇಲ್ಲಿ ಎತ್ತೋ ಹಾಗೇ ಇಲ್ಲ!"

ತಂದಿದ್ದ ಅಕ್ಕಿಹಿಟ್ಟನ್ನು ಗ್ಯಾಸಿನ ಒಲೆಯ ಮೇಲೆ ಉಪ್ಪು ಜೀರಿಗೆ ಹಾಕಿ ಕಾಸಿದಳು. ಡೇರೆಯ ಮುಂದೆ ಪ್ಲಾಸ್ಟಿಕ್ ಹಾಳೆ ಹಾಸಿ, ಸೀರೆಯನ್ನು ದಪ್ಪ ಪ್ಯಾಂಟಿನ ಮೇಲೆ ಎತ್ತಿಕಟ್ಟಿ ಸಾಲುಸಾಲಾಗಿ ಸಂಡಿಗೆ ಇಟ್ಟಳು. ಬಿಸಿಲಿಗೆ ಕಾವಿರಲಿಲ್ಲ, ಆದರೂ ಗಾಳಿಗೆ ಒಣಗೀತು ಎಂದಳು. ಮರುದಿನ ಉಪ್ಪಿನ ವಾಸನೆ ಹಿಡಿದು ಒಂದು ಹಿಮಸಾರಂಗ ಬಂತು. ನಾವು ನೋಡುವಷ್ಟರಲ್ಲಿ ಅದು ಮುಕ್ಕಾಲು ಹಾಳೆಯನ್ನು ನೆಕ್ಕಿ ಮುಗಿಸಿತ್ತು.

ಚೂಡಾಮಣಿ ಸೌಟು ಹಿಡಿದು ಓಡಿದಳು. "ಹಚಾ! ಏಯ್! ಕೋಡು ಬಂದ ಮಾತ್ರಕ್ಕೆ ದೊಡ್ಡ ಮನುಷ್ಯ ಆಗ್ಬಿಟ್ಟೆಯೇನೋ? ನಿಮ್ಮಪ್ಪ ಇಟ್ಟಿದ್ನಾ ಸಂಡಿಗೆ?"

ಅದು ಕೊನೆಯ ಸಂಡಿಗೆಯನ್ನು ತುಟಿಯಲ್ಲಿಟ್ಟುಕೊಂಡು ಅವಳನ್ನೇ ನೋಡುತ್ತ ನಿಧಾನವಾಗಿ ಅಗಿಯಿತು. ಆಗ ನನಗೆ ನಗು ಬಂತು. ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಚೂಡಾಮಣಿ ತಿರುಗಿ ನನ್ನನ್ನೇ ನೋಡುತ್ತ ನಿಂತಳು. ಸೌಟು ಕೈಯಲ್ಲೇ ಇತ್ತು. ಆಮೇಲೆ ಒಂದು ಮಾತನ್ನೂ ಆಡದೆ ಡೇರೆಯೊಳಗೆ ಹೋದಳು. ಪಾಪ, ಅಷ್ಟು ಕಷ್ಟಪಟ್ಟಿದ್ದಳು, ನಗಬಾರದಿತ್ತು ಎಂದುಕೊಂಡೆ.

ಮರುದಿನ ಬೆಳಗ್ಗೆ ಜಪಕ್ಕೆ ಕೂತೆ. ಮುಗಿಸಿ ಕಣ್ಣು ತೆರೆದಾಗ ಚೂಡಾಮಣಿ ಇರಲಿಲ್ಲ. ಡೇರೆಯ ಬಾಗಿಲಲ್ಲಿ ಅವಳ ಬೂಟು ಜೋಡಿಯಾಗಿ ಕೂತಿತ್ತು. ಹೊರಗೆ ಮಂಜು ಕವಿದು, ಪಕ್ಕದ ಡೇರೆಯೂ ಕಾಣುತ್ತಿರಲಿಲ್ಲ. ಬೂಟಿದೆಯಲ್ಲ, ಇಲ್ಲೇ ಎಲ್ಲೋ ಇದ್ದಾಳೆ ಎಂದು ಸ್ವಲ್ಪ ಹೊತ್ತು ಕಾದೆ. ಕೂಗಿದೆ. ಉತ್ತರ ಬರಲಿಲ್ಲ. ದಾರಿಯುದ್ದಕ್ಕೂ ಕಟ್ಟಿದ್ದ ಹಗ್ಗ ಹಿಡಿದುಕೊಂಡು ಯಂತ್ರದ ಮನೆಗೆ ಹೋದೆ.

ಶರ್ವಾಣಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತೆರೆಯ ಮುಂದೆ ಕೂತಿದ್ದಳು. "ಅಮ್ಮನಾ? ನಿಮ್ಮ ಟೆಂಟಲ್ಲೇ ಇದ್ದಾಳಲ್ಲ ಅತ್ತೆ. ನೋಡಿ ಚುಕ್ಕೆ."

"ಚುಕ್ಕೆ ಇದೆ ಕಣಮ್ಮ. ಚೂಡಾಮಣಿ ಇಲ್ಲ. ಬೂಟು ಬಾಗಿಲಲ್ಲಿದೆ."

ಅವಳು ನಗಲು ಹೋದವಳು ನನ್ನ ಮುಖ ನೋಡಿ ಸರಕ್ಕನೆ ಎದ್ದು ಬಿಡಾರದ ಮೇಲ್ವಿಚಾರಕಿ ಮಾರೆತ್‌ಳನ್ನು ಕರೆದಳು. ಮಾರೆತ್ ಆ ನಾಡಿನ ಮೂಲದ ಸಾಮಿ ಜನದವಳು, ಹಿಮಸಾರಂಗ ಸಾಕುವ ಮನೆತನ. ಅವಳು ಡೇರೆಗಳನ್ನೆಲ್ಲ, ಅಡುಗೆಮನೆ ಬಚ್ಚಲುಗಳನ್ನೆಲ್ಲ ನೋಡಿಬಂದು ಇಲ್ಲವೆಂದು ತಲೆಯಾಡಿಸಿದಳು. ಮಂಜಿನಲ್ಲಿ ಹಾರುವ ಕ್ಯಾಮೆರಾಕ್ಕೆ ಕಣ್ಣು ಕಾಣದು. ಗಾಡಿ ಹೊರಡಿಸಿದರೆ ಅದರ ಗಡಗಡಕ್ಕೆ ನೆಲಗಿವಿ ಕಿವುಡಾಗುತ್ತದೆ. ಉಳಿದ ದಾರಿ ಒಂದೇ, ನೆಲ ಏನು ಕೇಳುತ್ತಿದೆಯೋ ಅದನ್ನು ಕೇಳುವುದು.

ಬಿಡಾರದವರೆಲ್ಲ ಅಲುಗಾಡದೆ ಕೂರಬೇಕೆಂದು ಮಾರೆತ್ ಹೇಳಿದಳು. ದೂರದೂರದ ದೇಶಗಳಿಂದ ಬಂದವರು, ಮಕ್ಕಳೊಂದಿಗರು, ಎಲ್ಲರೂ ತಮ್ಮ ತಮ್ಮ ಡೇರೆಗಳಲ್ಲಿ ಕಲ್ಲಿನಂತೆ ಕೂತರು. ಒಲೆಗಳನ್ನು ಆರಿಸಿದರು. ಗುರುತಿಲ್ಲದ ಒಬ್ಬ ಮುದುಕಿಗಾಗಿ ಅಷ್ಟು ಜನ ಉಸಿರು ಬಿಗಿಹಿಡಿದರು. ದೇವರು ಅವರೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ಆದರೆ ಹಿಮಸಾರಂಗಗಳಿಗೆ ಯಾರು ಹೇಳಬೇಕು? ಅದೇ ಹೊತ್ತಿಗೆ ಒಂದು ದೊಡ್ಡ ಹಿಂಡು ಬಿಡಾರದ ದಕ್ಷಿಣಕ್ಕೆ ಮೇಯುತ್ತ ಬರುತ್ತಿತ್ತು. ತೆರೆಯ ಮೇಲೆ ಸಾಸಿವೆ ಚೆಲ್ಲಿದಂತೆ ಚುಕ್ಕೆಗಳು. ಶರ್ವಾಣಿ ಗೊರಸುಗಳನ್ನೆಲ್ಲ ಮರೆಮಾಡಿದಳು. ನೀರಿನ ಸದ್ದು, ದಕ್ಷಿಣದಲ್ಲಿ ಹರಡಿದ ಒಂದು ನೀಲಿ ಮಚ್ಚೆ ಉಳಿದವು.

"ಮನುಷ್ಯರ ಹೆಜ್ಜೆ ಬಾವುಟದಾಚೆ ಎಲ್ಲೂ ಇಲ್ಲ ಅಂತಿದೆ," ಎಂದಳು.

"ಈ ನೀಲಿ ಏನಮ್ಮ?"

ಅವಳು ಹೇಳಲೋ ಬೇಡವೋ ಎಂಬಂತೆ ನೋಡಿದಳು. "ಅಲ್ಲಿ ನೆಲ ಒಳಗೆ ಟೊಳ್ಳಾಗಿದೆ ಅತ್ತೆ. ಬೆಳಗಿಂದ ಕರಗ್ತಿದೆ. ಮೇಲೆ ಪಾಚಿ ಇರುತ್ತೆ, ಗೊತ್ತಾಗಲ್ಲ. ಅಮ್ಮ ಮಂಜಲ್ಲಿ ದಾರಿ ತಪ್ಪಿ ಆ ಕಡೆ ಹೋದ್ರೆ..."

ನಮ್ಮ ಯಜಮಾನರ ಮೂಗು, ಅವರ ಹಣೆ, ಅವರ ಹಾಗೆಯೇ ಮಾತಿನ ಕೊನೆಗೆ ಹುಬ್ಬೇರಿಸುವ ರೀತಿ ಈಗ ಭೂಮಿಯ ಮೇಲೆ ಉಳಿದಿರುವುದು ಚೂಡಾಮಣಿಯ ಮುಖದಲ್ಲಿ ಮಾತ್ರ. ನಂಜುಂಡಸ್ವಾಮಿ, ಒಬ್ಬರನ್ನು ಕರೆದುಕೊಂಡೆ, ನಾನು ಏನೂ ಕೇಳಲಿಲ್ಲ, ಇವಳನ್ನು ಬಿಟ್ಟುಕೊಡು ಎಂದು ಬೇಡಿಕೊಂಡೆ.

"ನನ್ನದೇ ತಪ್ಪೇನೋ ಶರ್ವಾಣಿ. ನಿನ್ನೆ ಸಾರಂಗ ಸಂಡಿಗೆ ತಿಂದಾಗ ನಾನು ನಕ್ಕುಬಿಟ್ಟೆ. ಆವಾಗಿಂದ ಅವಳು ನೆಟ್ಟಗೆ ಮಾತೇ ಆಡಲಿಲ್ಲ. ನೊಂದುಕೊಂಡು ಎಲ್ಲಾದರೂ..."

ಶರ್ವಾಣಿ ಹೆಡ್‌ಫೋನ್ ತೆಗೆದು ನನ್ನ ಕಡೆ ತಿರುಗಿದಳು.

"ನಕ್ಕ್ರಾ? ಅತ್ತೆ, ನೀವು ನಕ್ಕ್ರಾ?"

"ಹೂಂ ಕಣಮ್ಮ."

"ಜೋರಾಗಿ?"

"ಕಣ್ಣಲ್ಲಿ ನೀರು ಬರೋ ಹಾಗೆ."

"ಅಯ್ಯೋ ಅತ್ತೆ! ಅಮ್ಮ ಹರಕೆ ಹೊತ್ತಿದ್ಲು. ಅತ್ತಿಗೆ ಒಂದು ಸಲ ಬಾಯ್ತುಂಬ ನಕ್ಕರೆ ನಿನಗೆ ಹೆಜ್ಜೆ ನಮಸ್ಕಾರ ಮಾಡ್ತೀನಿ ನಂಜುಂಡಾ ಅಂತ. ನಿಮಗೆ ಹೇಳ್ಬೇಡ ಅಂತ ನನ್ನ ಹತ್ರ ಆಣೆ ಮಾಡಿಸ್ಕೊಂಡಿದ್ಲು..."

ಹೇಳುತ್ತಿದ್ದವಳು ತಟ್ಟನೆ ನಿಂತಳು. ನನಗೂ ಅದೇ ಕ್ಷಣದಲ್ಲಿ ತಿಳಿಯಿತು. ದೇವರಿಗೆ ಸುತ್ತು ಬರುವವರು ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಾರೆಯೇ? ಬೂಟು ಬಿಟ್ಟು ಹೋಗಿದ್ದು ಅದಕ್ಕೆ.

"ನಮ್ಮವರು ಎಲ್ಲಿಗೆ ಹೋದರೂ ದೇವರ ಮುಂದೆ ಬರಿಗಾಲು. ಗುಂಡೀನ ಬೂಟಲ್ಲಿಡುವಾಗ ನನಗೇ ಹೊಳೀಲಿಲ್ಲವಲ್ಲ!" ಎಂದು ಶರ್ವಾಣಿ ಹಣೆ ಚಚ್ಚಿಕೊಂಡಳು. ಆಮೇಲೆ ಅವಳ ಕೈ ಯಂತ್ರದ ಮೇಲೆ ಓಡತೊಡಗಿತು. ಬಾಯಿ ಮಾತ್ರ ತನ್ನಷ್ಟಕ್ಕೆ ಮಾತಾಡುತ್ತಿತ್ತು. "ಚಿಕ್ಕವಳಿದ್ದಾಗ ಅಮ್ಮನ ಸೆರಗು ಹಿಡ್ಕೊಂಡು ನಾನೂ ಸುತ್ತಿದ್ದೀನಿ. ಈ ಹೆಜ್ಜೆಯ ಹಿಮ್ಮಡಿ ಆ ಹೆಜ್ಜೆಯ ಬೆರಳಿಗೆ ತಾಗ್ಬೇಕು. ಇರುವೆ ನಡೆದ ಹಾಗೆ. ಯಂತ್ರಕ್ಕೆ ನಾವು ಕಲಿಸಿರೋದು ಮನುಷ್ಯ ನಡೆದರೆ ಇಷ್ಟು ಉದ್ದ, ಇಷ್ಟು ಬೇಗ ಅಂತ. ಅಮ್ಮನ ಹೆಜ್ಜೆ ಅದಕ್ಕೆ ಹೆಜ್ಜೆಯೇ ಅಲ್ಲ. ಹೆಪ್ಪು ಬಿರಿಯೋ ಸದ್ದು ಅಂತ ಎತ್ತಿ ಪಕ್ಕಕ್ಕೆಸೆದಿರುತ್ತೆ. ಹೊರಟಾಗಿನ ಹೆಜ್ಜೆ ಹಿಂಡಿನ ಗೊರಸಲ್ಲಿ ಮುಚ್ಚಿಹೋಗಿರ್ಬೇಕು."

ಯಂತ್ರ ಬೇಡವೆಂದು ಎಸೆದ ಸದ್ದುಗಳನ್ನೆಲ್ಲ ಅವಳು ತೆರೆಯ ಮೇಲೆ ಹರಡಿದಳು. ಚುಕ್ಕೆಗಳು ಎಲ್ಲೆಂದರಲ್ಲಿ ಮಿಣುಕುತ್ತಿದ್ದವು. ಬಿರಿಯುವ ಹೆಪ್ಪಿಗೆ ಯಾವ ಕ್ರಮವೂ ಇಲ್ಲ. ಆದರೆ ದಕ್ಷಿಣದಲ್ಲಿ, ಬಾವುಟದಾಚೆ, ನೀಲಿಯ ತೀರ ಹತ್ತಿರದಲ್ಲಿ ಚುಕ್ಕೆಗಳು ಒಂದರ ಪಕ್ಕ ಒಂದು ಕೂತು ಬಳೆಯಂತೆ ದುಂಡಗಾಗಿದ್ದವು. ನೋಡುತ್ತಿರುವಂತೆಯೇ ಬಳೆಯ ಮೇಲೆ ಇನ್ನೊಂದು ಚುಕ್ಕೆ ಮೂಡಿತು.

"ಬಂಡೆ!" ಎಂದೆ. ಬಂದ ದಿನವೇ ಚೂಡಾಮಣಿ ದಕ್ಷಿಣದ ಬಯಲಿನ ಒಂಟಿ ಕರಿಬಂಡೆಯನ್ನು ದೂರದಿಂದ ಕಂಡು ಕೈ ಮುಗಿದಿದ್ದಳು.

ಶರ್ವಾಣಿ ಹೆಡ್‌ಫೋನನ್ನು ನನ್ನ ಕಿವಿಗಿಟ್ಟಳು. ದೂರದಲ್ಲಿ ಹಿಂಡಿನ ಕಟಕಟ. ನಡೆಯುವಾಗ ಆ ಪ್ರಾಣಿಗಳ ಕಾಲಿನ ಕೀಲುಗಳು ಹಾಗೆ ಸದ್ದು ಮಾಡುತ್ತವೆ. ಅದರ ನಡುವೆ, ಕಲಸಿದ ಹಿಟ್ಟಿನ ಮೇಲೆ ಅಂಗೈ ಇಟ್ಟಂತೆ ಮೆತ್ತನೆಯದೊಂದು ಸದ್ದು. ಬಿಡುವು. ಮತ್ತೊಂದು. ನನ್ನ ಜನ್ಮದಲ್ಲಿ ಅದಕ್ಕಿಂತ ಇಂಪಾದದ್ದನ್ನು ನಾನು ಕೇಳಿಲ್ಲ.

ಮಾರೆತ್ ರೇಡಿಯೊ ಕಟ್ಟಿಕೊಂಡು ನಡೆದೇ ಹೊರಟಳು. ಅವಳ ಹೆಜ್ಜೆಗಳು ತೆರೆಯ ಮೇಲೆ ಉದ್ದುದ್ದವಾಗಿ ಮೂಡುತ್ತಿದ್ದವು. "ಎಡಕ್ಕೆ ಬಾ. ಇನ್ನೂ ಎಡಕ್ಕೆ. ಅಲ್ಲಿ ನೀರಿದೆ, ಬಳಸಿಕೊಂಡು ಹೋಗು," ಎಂದು ಶರ್ವಾಣಿ ಅವಳ ಭಾಷೆಯಲ್ಲಿ ಹೇಳುತ್ತ, ನನಗಾಗಿ ಕನ್ನಡದಲ್ಲೂ ಹೇಳುತ್ತಿದ್ದಳು.

ಅರ್ಧ ದಾರಿ ಸಾಗಿರಬೇಕು, ಬಳೆ ನಿಂತುಹೋಯಿತು. ಹೊಸ ಚುಕ್ಕೆ ಮೂಡಲಿಲ್ಲ.

ಶರ್ವಾಣಿ ನನ್ನ ಕೈ ಹಿಡಿದುಕೊಂಡಳು. ನಾನು ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿಕೊಂಡೆ. ನೀರಿನ ಸದ್ದು, ಗೊರಸಿನ ಸದ್ದು, ಬೇರೇನೂ ಇಲ್ಲ. ಅವಳು ಬಿದ್ದಳೇ? ನೆಲ ಬಾಯಿ ತೆರೆಯಿತೇ?

"ಕುಸಿದಿದ್ರೆ ಯಂತ್ರ ಹೇಳ್ತಿತ್ತು," ಎಂದು ಶರ್ವಾಣಿ ಪಿಸುಗುಟ್ಟಿದಳು. ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ ತಿಳಿಯದು.

ಆಮೇಲೆ ಧೊಪ್ಪೆಂದು ಒಂದು ಸದ್ದು ಬಂತು. ಸ್ವಲ್ಪ ಬಿಡುವಿನ ನಂತರ ಮತ್ತೆ ಅದೇ ಮೆತ್ತನೆಯ ಹೆಜ್ಜೆ. ಹಿಮ್ಮಡಿಗೆ ಬೆರಳು. ಹಿಮ್ಮಡಿಗೆ ಬೆರಳು.

"ಸುತ್ತು ಮುಗೀತು ಅತ್ತೆ! ಸುತ್ತು ಮುಗಿಸಿ ನಮಸ್ಕಾರ ಹಾಕಿದ್ದು. ಮಂಡಿ ಊರಿದ ಸದ್ದು ಅದು!" ಶರ್ವಾಣಿ ಅಳುತ್ತ ನಗುತ್ತ ಮೇಜು ಗುದ್ದಿದಳು.

ಉದ್ದ ಹೆಜ್ಜೆಗಳು ಬಳೆಯನ್ನು ಮುಟ್ಟಿದವು. ರೇಡಿಯೊ ಕರಕರ ಎಂದಿತು. ಅದರಲ್ಲಿ ಮೊದಲು ಕೇಳಿದ್ದು ಚೂಡಾಮಣಿಯ ಧ್ವನಿಯೇ.

"ಬಿಡಮ್ಮ ತಾಯಿ, ಬಿಡು! ಇನ್ನೊಂದೇ ಸುತ್ತಿದೆ!"

ಹಿಂದೆಯೇ ಮಾರೆತ್ ಏನೋ ಕೇಳಿದಳು. ಶರ್ವಾಣಿ ಏನೋ ಹೇಳಿದಳು. ಆ ಮಂಜಿನೊಳಗೆ ಮಾರೆತ್ ಗಟ್ಟಿಯಾಗಿ ನಕ್ಕದ್ದು ನಮಗೆ ಕೇಳಿಸಿತು. ಶರ್ವಾಣಿ ಬಿಡಾರದವರಿಗೆಲ್ಲ ಸುದ್ದಿ ಹೇಳಿದಾಗ ಡೇರೆಡೇರೆಗಳಿಂದ ಕೂಗು ಎದ್ದಿತು. ತೆರೆಯ ಮೇಲೆ ಮಕ್ಕಳ ಹೆಜ್ಜೆಗಳು ಎಲ್ಲ ದಿಕ್ಕಿಗೂ ಓಡಿದವು.

ಮಾರೆತ್ ಚೂಡಾಮಣಿಯನ್ನು ಬೆನ್ನ ಮೇಲೆ ಹೊತ್ತು ತಂದಳು. ಕಾಲುಗಳು ನೀಲಿಗಟ್ಟಿದ್ದವು, ಗಾಯವಿರಲಿಲ್ಲ. ಡೇರೆಯಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಕಾಲಿಡಿಸಿದೆವು. ಬಣ್ಣ ತಿರುಗಿದ ಮೇಲೆ ಮಾರೆತ್ ಒಳಗೆ ಒಣಹುಲ್ಲು ತುಂಬಿದ ಸಾರಂಗದ ಚರ್ಮದ ಮೆಟ್ಟು ತಂದು ತೊಡಿಸಿದಳು.

"ಇದು ಚರ್ಮದ್ದಲ್ವೇನೇ?" ಎಂದು ಚೂಡಾಮಣಿ ಮುಖ ಸಿಂಡರಿಸಿದಳು. ಆಮೇಲೆ ಕಾಲು ಆಡಿಸಿ ನೋಡಿ, "ಬೆಚ್ಚಗಿದೆ. ಇರಲಿ ಬಿಡು," ಎಂದಳು.

ನಾನು ಮೆಣಸಿನ ಸಾರು ಕಾಸಿ ಲೋಟ ಅವಳ ಕೈಗೆ ಕೊಟ್ಟು, ಆಮೇಲೆ ಬೈಯಲು ಶುರುಮಾಡಿದೆ. "ನಿನಗೇನಾದ್ರೂ ಆಗಿದ್ದಿದ್ರೆ ನಾನು ಈ ಜನ್ಮದಲ್ಲಿ ಇನ್ನೊಂದು ಸಲ ನಗ್ತಿದ್ನೇನೇ? ಹರಕೆ ಹೊರೋಳಿಗೆ ಅಷ್ಟೂ ಬುದ್ಧಿ ಬೇಡ್ವಾ? ಊರಿಗೆ ಹೋದ್ಮೇಲೆ ನಂಜನಗೂಡಲ್ಲೇ ಮಾಡಬಹುದಿತ್ತು."

"ಅಲ್ಲೀತನಕ ತಡೆದು, ನಂಜುಂಡ ನಿಮ್ಮ ನಗು ವಾಪಸ್ ತಗೊಂಡ್ಬಿಟ್ಟಿದ್ರೆ? ಅವನ ಕೈಯಲ್ಲಿ ಸಾಲ ಇಟ್ಕೋಬಾರ್ದು ಅತ್ತಿಗೆ."

"ಅದಕ್ಕೆ ಯಾವುದೋ ಕಲ್ಲಿನ ಸುತ್ತ ಸುತ್ತೋದಾ?"

"ಇಲ್ಲಿ ಬೇರೆ ಕಲ್ಲೆಲ್ಲಿದೆ? ಹೋಗುವಾಗ ಮಂಜಿರಲಿಲ್ಲ ಕಣ್ರೀ. ಕಣ್ಣಳತೆಯಲ್ಲೇ ಇತ್ತು. ಬಾವುಟ ದಾಟಿದ್ದು ತಪ್ಪೇ, ಒಪ್ಕೋತೀನಿ. ಆಮೇಲೆ ಮಂಜು ಬಂತು, ನನ್ನ ಕೈಯೇ ನನಗೆ ಕಾಣಲಿಲ್ಲ. ಕಲ್ಲು ಬಿಟ್ಟು ಹೊರಟ್ರೆ ಕೆಟ್ಟೆ ಅನ್ನಿಸ್ತು. ಬಲಗೈ ಕಲ್ಲಿಗೆ ತಾಗಿಸ್ಕೊಂಡು ಸುತ್ತುತ್ತಾನೇ ಇದ್ದೆ. ಹೇಗೂ ಸುತ್ತೋದಕ್ಕೇ ತಾನೇ ಬಂದಿದ್ದು?"

ಶರ್ವಾಣಿ ಅವಳ ಮಡಿಲಲ್ಲಿ ತಲೆಯಿಟ್ಟಳು. ಕಲ್ಲು ಬಿಟ್ಟು ಮಂಜಿನಲ್ಲಿ ತುಸು ದಾರಿ ತಪ್ಪಿದ್ದರೂ ಮೊದಲು ಸಿಗುತ್ತಿದ್ದುದು ಆ ಟೊಳ್ಳು ನೆಲವೇ. ಅವಳು ಅದನ್ನು ತಾಯಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮಾರೆತ್ ನಮ್ಮ ಮಾತಿನ ಸಾರವನ್ನು ಶರ್ವಾಣಿಯಿಂದ ಕೇಳಿಕೊಂಡು ತಾನೂ ಒಂದು ಮಾತು ಸೇರಿಸಿದಳು. ಅವಳ ಮುತ್ತಜ್ಜಿಯ ಕಾಲದಲ್ಲಿ ಅವರ ಜನ ಆ ಬಂಡೆಗೆ ಮೀನಿನ ಕೊಬ್ಬು ಸವರಿ ನಮಸ್ಕರಿಸದೆ ಮುಂದಕ್ಕೆ ಹೋಗುತ್ತಿರಲಿಲ್ಲವಂತೆ.

"ನೋಡಿದ್ರಾ? ಯಾವುದೋ ಕಲ್ಲಂತೆ!" ಎಂದು ಚೂಡಾಮಣಿ ಅಣ್ಣನ ಹಾಗೆಯೇ ಹುಬ್ಬೇರಿಸಿದಳು. ಮೀನಿನ ಮಾತನ್ನು ಕೇಳದವಳಂತೆ ಬಿಟ್ಟುಬಿಟ್ಟಳು.

ಆ ದಿನ ನಾನು ಅನ್ನ ಕಲಸಿ ಪೂರ್ತಿ ಉಂಡೆ. ಎರಡನೆಯ ಸಲವೂ ಹಾಕಿಸಿಕೊಂಡೆ.

ಮಂಜು ಕರಗಿದ ಮೇಲೆ ಶರ್ವಾಣಿ ಬಂದು, ಯಂತ್ರಕ್ಕೆ ಈ ಹೆಜ್ಜೆಯನ್ನು ಈಗಲೇ ಕಲಿಸಬೇಕು ಎಂದಳು. ಇನ್ನೊಮ್ಮೆ ಯಾರಾದರೂ ಹೀಗೆ ನಡೆದರೆ ಅದು ಮನುಷ್ಯರದೆಂದು ಗುರುತಿಸಬೇಕು. ಮಗುವೋ ಮುದುಕರೋ ಕಾಲು ನೊಂದವರೋ ಹಾಗೆಯೇ ನಡೆಯುತ್ತಾರೆ, ಅವರನ್ನೆಲ್ಲ ಹೆಪ್ಪು ಎಂದು ಎಸೆಯುತ್ತಿದ್ದೆವಲ್ಲ ಎಂದು ಪೇಚಾಡಿದಳು. ಕಲಿಸಬೇಕಾದರೆ ಯಾರಾದರೂ ನಡೆದು ತೋರಿಸಬೇಕು. ಚೂಡಾಮಣಿ ಏಳಲು ಹೋದಳು. ಹೆಗಲು ಹಿಡಿದು ಕೂರಿಸಿದೆ.

"ನಾನು ಹೋಗ್ತೀನಿ. ಉಳಿದ ಒಂದು ಸುತ್ತು ನನ್ನದು."

"ಹರಕೆ ನಂದು ಅತ್ತಿಗೆ."

"ನಗು ನಂದು."

ಮಾರೆತ್ ನೆಲ ನೋಡಿಕೊಂಡು ಮುಂದೆ ನಡೆದಳು. ಗಟ್ಟಿಯಾದ ದಾರಿ ಹಿಡಿದು ಬಂಡೆಯ ಬಳಿ ಹೋದೆವು. ಬೂಟು ಬಿಚ್ಚಲು ಅವಳು ಬಿಡಲಿಲ್ಲ. ನಂಜುಂಡನಲ್ಲಿ ಕ್ಷಮೆ ಬೇಡಿ ಬೂಟುಗಾಲಲ್ಲೇ ಕೈ ಮುಗಿದೆ. ಬಂಡೆಯ ಬುಡದಲ್ಲಿ ಪಾಚಿಯ ಮೇಲೆ ಚೂಡಾಮಣಿಯ ಹೆಜ್ಜೆಗಳು ದುಂಡಗೆ ಒತ್ತಿಕೊಂಡಿದ್ದವು. ಅವುಗಳ ಮೇಲೆಯೇ ಹಿಮ್ಮಡಿಗೆ ಬೆರಳು ತಾಗಿಸಿ ಹೊರಟೆ. ಕಣ್ಣು ಮುಚ್ಚಲಿಲ್ಲ. ಬಯಲು ಅಂಚಿನ ತನಕ ಬರಿದಾಗಿ ಹೊಳೆಯುತ್ತಿತ್ತು. ನಮ್ಮ ಯಜಮಾನರಿಗೆ ಇದನ್ನು ತೋರಿಸುವವಳಂತೆ ನೋಡುತ್ತ ನಡೆದೆ.

ಸ್ವಲ್ಪ ಹೊತ್ತಿಗೆ ಮಾರೆತ್‌ಳ ಸೊಂಟದ ರೇಡಿಯೊ ಮಾತಾಡಿತು.

"ಸಾಕು ಅತ್ತೆ, ಬನ್ನಿ. ಯಂತ್ರ ಕಲೀತು."

"ಕಲೀಲಿ," ಎಂದೆ. "ನನಗಿನ್ನೂ ಅರ್ಧ ಸುತ್ತಿದೆ ಕಣಮ್ಮ."